ದೋಣಿಯಿಂದ ಇಳಿದವನು

ಅಮೆರಿಕದ ಸಿನ್ಸಿನಾಟಿಗೆ ಬರುವ ನಮ್ಮವರೆಲ್ಲ ನೋಡುವ ಜಾಗಗಳ ಪಟ್ಟಿ ಒಂದೇ. ಅಕ್ವೇರಿಯಂ, ಝೂ, ಕಿಂಗ್ಸ್ ಐಲ್ಯಾಂಡ್, ರಜೆ ಜಾಸ್ತಿ ಇದ್ದರೆ ನಯಾಗರಾ. ನಾನು ರಿಪ್ಲಿಗೆ ಹೋಗೋಣ ಎಂದಾಗ, ವರ್ಷಗಟ್ಟಲೆಯಿಂದ ಅಲ್ಲೇ ಇರುವ ನಮ್ಮ ಭಾವ "ಅದೆಲ್ಲಿ ಬರುತ್ತೆ?" ಎಂದು ಕೇಳಿದರು. ಓಹಾಯೋ ನದಿಯ ಪಕ್ಕದ ರಸ್ತೆ ಹಿಡಿದು ಮೇಲಕ್ಕೆ ಸುಮಾರು 50 ಮೈಲಿ ಹೋದರೆ ಸಿಗುತ್ತದೆ. ಎರಡು ಸಾವಿರ ಜನವೂ ಇಲ್ಲದ ಊರು. "ಅಲ್ಲಿ ಏನಿದೆ ಮಾರಾಯ್ತಿ ನೋಡೋಕೆ?" ಎಂಬುದು ಅವರ ಮುಂದಿನ ಪ್ರಶ್ನೆ. ಎರಡು ಹಳೇ ಮನೆ ಇದೆ ಅಂದೆ. ಅಕ್ಕ ನಕ್ಕಳು. ಆದರೂ ಹೊರಟೆವು.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಗುಲಾಮಗಿರಿ ಇದ್ದ ಕಾಲದಲ್ಲಿ ಈ ನದಿಯೇ ಗಡಿ. ದಕ್ಷಿಣದ ದಡ ಕೆಂಟಕಿ. ಅಲ್ಲಿ ಮನುಷ್ಯರನ್ನು ಕೊಳ್ಳಬಹುದಿತ್ತು, ಮಾರಬಹುದಿತ್ತು, ಸಾಲಕ್ಕೆ ಅಡ ಇಡಬಹುದಿತ್ತು. 1860ರ ಜನಗಣತಿಯಲ್ಲಿ ಅದೊಂದೇ ರಾಜ್ಯದಲ್ಲಿ ಸುಮಾರು 2,25,000 ಗುಲಾಮರಿದ್ದರು. ಉತ್ತರದ ದಡ ಓಹಾಯೋ. ಅಲ್ಲಿ 1787ರ ಶಾಸನದಿಂದಲೇ ಗುಲಾಮಗಿರಿಗೆ ನಿಷೇಧ. ನದಿ ದಾಟಿ ಬಂದವರನ್ನು ಅಡಗಿಸಿ, ಉಣ್ಣಿಸಿ, ರಾತ್ರೋರಾತ್ರಿ ಮುಂದಿನ ಮನೆಗೆ ತಲುಪಿಸಿ, ಹಾಗೇ ಈರಿ ಸರೋವರ ದಾಟಿಸಿ ಕೆನಡಾಕ್ಕೆ ಕಳಿಸುವ ಒಂದು ಗುಟ್ಟಿನ ಜಾಲವಿತ್ತು. ಅಂಡರ್‌ಗ್ರೌಂಡ್ ರೈಲ್‌ರೋಡ್ ಎಂದು ಅದಕ್ಕೆ ಹೆಸರು. ಹೆಸರು ಹಾಗಿದ್ದರೂ ರೈಲು ಇರಲಿಲ್ಲ. ಇದ್ದದ್ದು ಅಟ್ಟಗಳು, ಕೊಟ್ಟಿಗೆಗಳು, ದೋಣಿಗಳು, ಬಾಯಿ ಬಿಡದ ಜನ.

ಹೊರಡುವ ಮೊದಲು ಸಿನ್ಸಿನಾಟಿಯಲ್ಲೇ ನದಿ ದಡದಲ್ಲಿರುವ ಫ್ರೀಡಂ ಸೆಂಟರ್ ನೋಡಿದೆವು. 2004ರಲ್ಲಿ ತೆರೆದ ದೊಡ್ಡ ವಸ್ತುಸಂಗ್ರಹಾಲಯ. ಆ ಕಡೆ ಒಂದು ಸ್ಟೇಡಿಯಂ, ಈ ಕಡೆ ಒಂದು ಸ್ಟೇಡಿಯಂ, ನಡುವೆ ಇದು. ಪರದೆಗಳು, ಧ್ವನಿ, ಬೆಳಕು ಎಲ್ಲ ಜೋರಾಗಿದೆ. ನನಗೆ ಇಂಥವು ಅಷ್ಟಾಗಿ ಹಿಡಿಸುವುದಿಲ್ಲ, ಅರ್ಧ ಗಂಟೆಯಲ್ಲಿ ತಲೆ ಭಾರವಾಗುತ್ತದೆ. ಆದರೆ ಎರಡನೇ ಮಹಡಿಯಲ್ಲಿ ಒಂದು ಮರದ ಮನೆಯನ್ನು ತಂದು ನಿಲ್ಲಿಸಿದ್ದಾರೆ. ಅದಕ್ಕಾಗಿಯಾದರೂ ಹೋಗಬೇಕು. ದಪ್ಪ ದಿಮ್ಮಿಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿದ, 21 ಅಡಿಗೆ 30 ಅಡಿಯ, ಎರಡು ಅಂತಸ್ತಿನ ಕಟ್ಟಡ. ಕೆಂಟಕಿಯ ಮೇಸನ್ ಕೌಂಟಿಯ ಒಂದು ಹೊಲದಲ್ಲಿ ಇದ್ದದ್ದು. 1830ರ ಸುಮಾರಿಗೆ ಜಾನ್ ಆಂಡರ್ಸನ್ ಎಂಬ ವ್ಯಾಪಾರಿ ಗುಲಾಮರನ್ನು ಕೂಡಿಹಾಕಲು ಇದನ್ನು ಬಳಸುತ್ತಿದ್ದ. ಸುತ್ತಮುತ್ತಲ ಹೊಲಗಳಿಂದ ಜನರನ್ನು ಕೊಂಡು ತಂದು ಇಲ್ಲಿ ಇಡುವುದು, ಒಂದು ಗುಂಪಾದ ಮೇಲೆ ಸರಪಳಿ ಹಾಕಿ ದಕ್ಷಿಣದ ನ್ಯಾಚೆಜ್‌ಗೆ ಸಾಗಿಸಿ ಹತ್ತಿ ತೋಟದವರಿಗೆ ಮಾರುವುದು. ಕೆಂಟಕಿಯಲ್ಲಿ ಕೊಂಡ ಬೆಲೆಗೂ ಅಲ್ಲಿ ಮಾರಿದ ಬೆಲೆಗೂ ಇರುವ ವ್ಯತ್ಯಾಸ ಅವನ ಲಾಭ.

ಒಳಗೆ ಹೋಗಬಹುದು. ನೆಲ ಖಾಲಿ, ಕಿಟಕಿಗಳು ಚಿಕ್ಕವು. ತಲೆ ಎತ್ತಿದರೆ ಮೇಲಿನ ತೊಲೆಗೆ ಹೊಡೆದ ಕಬ್ಬಿಣದ ಬಳೆಗಳು ಕಾಣುತ್ತವೆ. ಗಂಡಸರನ್ನು ಮೇಲಿನ ಅಂತಸ್ತಿನಲ್ಲಿ ಅವಕ್ಕೆ ಬಿಗಿಯುತ್ತಿದ್ದರು. ಭಾವ ಅಲ್ಲಿಯವರೆಗೆ ಫೋನು ನೋಡುತ್ತ ಬರುತ್ತಿದ್ದವರು ಫೋನನ್ನು ಜೇಬಿಗೆ ಹಾಕಿದರು.

ದಕ್ಷಿಣಕ್ಕೆ ಮಾರುತ್ತಾರೆ ಎಂಬ ಸುದ್ದಿ ಕಿವಿಗೆ ಬಿದ್ದಾಗಲೇ ಎಷ್ಟೋ ಜನ ಓಡಲು ನಿರ್ಧರಿಸುತ್ತಿದ್ದರು ಎಂಬುದು ಆ ಮರದ ಮನೆ ನೋಡಿದ ಮೇಲೆ ಬೇರೆ ರೀತಿಯಲ್ಲಿ ಅರ್ಥವಾಗುತ್ತದೆ. ಹತ್ತಿ ತೋಟಕ್ಕೆ ಹೋದವರು ಹೆಂಡತಿ ಮಕ್ಕಳ ಮುಖ ಮತ್ತೆ ನೋಡುವಂತಿರಲಿಲ್ಲ. ಇನ್ನು ಆ ಮೇಸನ್ ಕೌಂಟಿ ಇರುವುದು ರಿಪ್ಲಿಯ ಹತ್ತಿರ, ನದಿಯ ಆಚೆ ದಡದಲ್ಲೇ.

ಮಧ್ಯಾಹ್ನ ಸಿನ್ಸಿನಾಟಿಯ ಹೆಸರಾಂತ ಚಿಲ್ಲಿ ತಿನ್ನಿಸಲು ಭಾವ ಕರೆದುಕೊಂಡು ಹೋದರು. ನಮ್ಮಂಥ ಸಸ್ಯಾಹಾರಿಗಳಿಗೆ ಬೀನ್ಸ್ ಹಾಕಿ ಕೊಡುತ್ತಾರೆ. ಶ್ಯಾವಿಗೆಯಂಥ ಸ್ಪಗೆಟಿ ಮೇಲೆ ದಾಲ್ಚಿನ್ನಿ ವಾಸನೆಯ ಸಾರು, ಅದರ ಮೇಲೆ ಬೆಟ್ಟದಷ್ಟು ತುರಿದ ಚೀಸ್. ಊರಿನವರಿಗೆ ಅದರ ಮೇಲೆ ಪ್ರಾಣ. ನನಗೆ ಒಂದು ಸಲ ಸಾಕು. ಮುಂದಿನ ಪ್ರಯಾಣಕ್ಕೆ ಅಕ್ಕ ಚಿತ್ರಾನ್ನ ಕಟ್ಟಿಕೊಂಡಳು. ಒಳ್ಳೆಯದೇ ಆಯಿತು, ನದಿ ದಾರಿಯಲ್ಲಿ ನಮಗಾಗುವ ಊಟ ಸಿಗುವುದು ಕಷ್ಟ.

ದಾರಿಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ನದಿ, ನಡುವೆ ತಂಬಾಕು ಒಣಗಿಸುತ್ತಿದ್ದ ಹಳೇ ಕಪ್ಪು ಕೊಟ್ಟಿಗೆಗಳು.

ರಿಪ್ಲಿಯಲ್ಲಿ ಎಲ್ಲರೂ ಮೊದಲು ಹೋಗುವುದು ಗುಡ್ಡದ ಮೇಲಿನ ರ‍್ಯಾಂಕಿನ್ ಮನೆಗೆ. ಜಾನ್ ರ‍್ಯಾಂಕಿನ್ ಪ್ರೆಸ್ಬಿಟೇರಿಯನ್ ಪಾದ್ರಿ. ಟೆನೆಸಿಯಲ್ಲಿ ಹುಟ್ಟಿ, ಕೆಂಟಕಿಯಲ್ಲಿ ಗುಲಾಮಗಿರಿ ವಿರುದ್ಧ ಮಾತಾಡಿ, ಅಲ್ಲಿ ನೆಲೆ ನಿಲ್ಲಲಾಗದೆ 1822ರ ಹೊಸ ವರ್ಷದ ಹೊತ್ತಿಗೆ ನದಿ ದಾಟಿ ಇಲ್ಲಿಗೆ ಬಂದ. ವರ್ಜೀನಿಯಾದಲ್ಲಿದ್ದ ತಮ್ಮನೊಬ್ಬ ಗುಲಾಮರನ್ನು ಕೊಂಡಿದ್ದಾನೆ ಎಂದು ತಿಳಿದಾಗ ಅವನಿಗೆ ಸರಣಿಯಾಗಿ ಪತ್ರ ಬರೆದು ಊರಿನ ಪತ್ರಿಕೆಯಲ್ಲೇ ಅಚ್ಚು ಹಾಕಿಸಿದ. ಮನೆ ಜಗಳವನ್ನು ಹೀಗೆ ಬೀದಿಗೆ ತಂದದ್ದು ಮಾತ್ರ ನನಗೆ ತುಂಬಾ ಇಷ್ಟವಾಯಿತು. 1826ರಲ್ಲಿ ಪತ್ರಗಳು ಪುಸ್ತಕವಾಗಿ ದೇಶದ ತುಂಬ ಓಡಾಡಿದವು.

ಮನೆ ಚಿಕ್ಕದು, ಇಟ್ಟಿಗೆಯದು. ಅಷ್ಟರಲ್ಲೇ 13 ಮಕ್ಕಳು. ರಾತ್ರಿ ದೀಪ ಹಚ್ಚಿಟ್ಟರೆ ಆಚೆ ದಡದ ಕೆಂಟಕಿಗೆ ಕಾಣುತ್ತಿತ್ತು. ಗುಡ್ಡದ ಕೆಳಗಿನಿಂದ ಮನೆಯವರೆಗೆ ಮೆಟ್ಟಿಲು, ಸುಮಾರು ನೂರು. ಈಗಿನ ಮೆಟ್ಟಿಲು ಹೊಸದಾಗಿ ಕಟ್ಟಿದ್ದು. ಭಾವ ಕಾರಿನಲ್ಲೇ ಮೇಲೆ ಹೋದರು, ನಾನೂ ಅಕ್ಕನೂ ಹತ್ತಿದೆವು. ಅರ್ಧದಲ್ಲಿ ಅಕ್ಕ ಕೂತುಬಿಟ್ಟಳು. "ಹಸಿದು, ನೆನೆದು, ಮಗು ಎತ್ತಿಕೊಂಡು ಇದನ್ನು ಹತ್ತಿದ್ರಾ?" ಎಂದಳು. ಹತ್ತಿದ್ದಾರೆ. 1838ರಲ್ಲಿ ಒಬ್ಬಳು ಹೆಂಗಸು ಮಗುವನ್ನು ಕಟ್ಟಿಕೊಂಡು ಒಡೆಯುತ್ತಿದ್ದ ಹಿಮದ ಹಲಗೆಗಳ ಮೇಲೆ ನದಿ ದಾಟಿ ಈ ಮನೆಗೆ ಬಂದಳು. ಆ ಕಥೆ ರ‍್ಯಾಂಕಿನ್ ಕಡೆಯಿಂದ ಹ್ಯಾರಿಯೆಟ್ ಬೀಚರ್ ಸ್ಟೋ ಕಿವಿಗೆ ಬಿದ್ದು, 1852ರ 'ಅಂಕಲ್ ಟಾಮ್ಸ್ ಕ್ಯಾಬಿನ್' ಕಾದಂಬರಿಯ ಎಲೈಜಾ ಹುಟ್ಟಿದ್ದು. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟುತ್ತಿದ್ದ ಕಾಲ ಅದು. ಅಣೆಕಟ್ಟುಗಳು ಬರುವ ಮೊದಲು ನದಿಯೂ ಈಗಿಗಿಂತ ಕಿರಿದು, ಆಳವೂ ಕಡಿಮೆ.

ಮೇಲಿನಿಂದ ನೋಟ ಚೆನ್ನಾಗಿದೆ. ಫೋಟೋ ತೆಗೆಯುವವರ ಸಾಲೇ ಇತ್ತು. ಮನೆ ತೋರಿಸುವವರು ಪಾದ್ರಿಯ ಬಗ್ಗೆ ಹೇಳಿದ್ದೇ ಹೇಳಿದ್ದು. 1841ರಲ್ಲಿ ಮನೆಗೆ ದಾಳಿ ಮಾಡಿದವರ ಮೇಲೆ ಗಂಡುಮಕ್ಕಳು ಗುಂಡು ಹಾರಿಸಿದ್ದು, ತಲೆಗೆ ಬಹುಮಾನ ಇಟ್ಟಿದ್ದು, ಎಲ್ಲ ಬಂತು. ಅಕ್ಕನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಒಲೆಯ ಹತ್ತಿರ ನಿಂತು, "ಹದಿಮೂರು ಮಕ್ಕಳಿಗೆ ಮಾಡಿ ಹಾಕಿ ಮುಗಿಸಿ ಮಲಗಿದ ಮೇಲೆ ಮಧ್ಯರಾತ್ರಿ ಬಾಗಿಲು ಬಡಿದ್ರೆ ಮತ್ತೆ ಒಲೆ ಹಚ್ಚಿದವರು ಯಾರು?" ಎಂದು ಕೇಳಿದಳು. ಜೀನ್ ರ‍್ಯಾಂಕಿನ್, ಪಾದ್ರಿಯ ಹೆಂಡತಿ. ಆಕೆಯ ಬಗ್ಗೆ ನಮಗೆ ಅಲ್ಲಿ ಸಿಕ್ಕಿದ್ದು ನಾಲ್ಕು ಮಾತು. ಸರಿ, ಇಳಿದೆವು.

ನನಗೆ ನಿಜವಾಗಿ ನೋಡಬೇಕಿದ್ದದ್ದು ಕೆಳಗೆ, ನದಿಗೆ ಮುಖ ಮಾಡಿದ ಫ್ರಂಟ್ ಸ್ಟ್ರೀಟಿನ ಜಾನ್ ಪಾರ್ಕರ್ ಮನೆ.

ಪಾರ್ಕರ್ 1827ರಲ್ಲಿ ವರ್ಜೀನಿಯಾದ ನಾರ್ಫೋಕ್‌ನಲ್ಲಿ ಹುಟ್ಟಿದವನು. ತಾಯಿ ಗುಲಾಮಳು, ತಂದೆ ಬಿಳಿಯ. ಎಂಟು ವರ್ಷದವನಿದ್ದಾಗ ತಾಯಿಯಿಂದ ಕಿತ್ತು ಮಾರಿದರು. ಸರಪಳಿಗೆ ಕಟ್ಟಿದ ಸಾಲಿನಲ್ಲಿ ರಿಚ್ಮಂಡ್‌ವರೆಗೆ ನಡೆಸಿ, ಅಲ್ಲಿಂದ ಅಲಬಾಮಾದ ಮೊಬೀಲ್‌ಗೆ. ಅಲ್ಲಿ ಒಬ್ಬ ಡಾಕ್ಟರು ಕೊಂಡ. ಆ ಮನೆಯ ಹುಡುಗರು ಇವನಿಗೆ ಕದ್ದು ಓದು ಕಲಿಸಿದರು. ಕಬ್ಬಿಣ ಎರಕದ ಕೆಲಸ ಕಲಿತ, ಓಡಿಹೋದ, ಸಿಕ್ಕಿಬಿದ್ದ. ಕೊನೆಗೆ ಡಾಕ್ಟರ ಬಳಿ ಬರುತ್ತಿದ್ದ ಒಬ್ಬ ವಿಧವೆಯನ್ನು ಒಪ್ಪಿಸಿ ತನ್ನನ್ನು ಕೊಳ್ಳುವಂತೆ ಮಾಡಿಕೊಂಡ. ಎರಕದ ಕೆಲಸದ ಕೂಲಿಯಲ್ಲಿ ವಾರವಾರ ಆಕೆಗೆ ಕಂತು ಕಟ್ಟಿ, 1845ರಲ್ಲಿ 1,800 ಡಾಲರ್ ತೀರಿಸಿ ತನ್ನನ್ನು ತಾನೇ ಬಿಡಿಸಿಕೊಂಡ. ಆಗ ಅವನಿಗೆ 18 ವರ್ಷ. ಭಾವ ಅದನ್ನು ಎರಡು ಸಲ ಓದಿದರು. "ಹದಿನೆಂಟಕ್ಕೆ ನಾನು ಪಿಯುಸಿ ಮುಗಿಸಿ ಸಿಇಟಿ ಕೌನ್ಸೆಲಿಂಗ್ ಕ್ಯೂನಲ್ಲಿದ್ದೆ" ಎಂದರು.

1849ರ ಹೊತ್ತಿಗೆ ರಿಪ್ಲಿಗೆ ಬಂದು, ಮುಂದೆ ಇಲ್ಲೇ ಸ್ವಂತ ಎರಕದ ಕಾರ್ಖಾನೆ ಹಾಕಿದ. ಹಗಲು ಕುಲುಮೆ, ರಾತ್ರಿ ದೋಣಿ. ಮೇಲಿನ ಪಾದ್ರಿಗೂ ಇವನಿಗೂ ಇರುವ ವ್ಯತ್ಯಾಸ ಇದೇ ನೋಡಿ. ರ‍್ಯಾಂಕಿನ್ ಮನೆಯಲ್ಲಿ ಬಂದವರನ್ನು ಕಾಪಾಡುತ್ತಿದ್ದರು. ಪಾರ್ಕರ್ ಕತ್ತಲಲ್ಲಿ ದೋಣಿ ಹಾಕಿ ಕೆಂಟಕಿಗೇ ಹೋಗಿ ಕರೆದು ತರುತ್ತಿದ್ದ. ಬಿಳಿಯ ಪಾದ್ರಿ ಸಿಕ್ಕಿಬಿದ್ದರೆ ಕೋರ್ಟು, ದಂಡ, ಜೈಲು. ಪಾರ್ಕರ್ ಆಚೆ ದಡದಲ್ಲಿ ಸಿಕ್ಕಿಬಿದ್ದರೆ ಮತ್ತೆ ಸರಪಳಿ, ಇಲ್ಲವೇ ಮರಕ್ಕೆ ಹಗ್ಗ. ರಾತ್ರಿ ಊರಲ್ಲಿ ನಡೆಯುವಾಗ ಅವನು ರಸ್ತೆಯ ನಡುವೆಯೇ ನಡೆಯುತ್ತಿದ್ದನಂತೆ. ಸಂದಿಯಲ್ಲಿ ಹೊಂಚು ಹಾಕಿದವರ ಕೈಗೆ ಸಿಗಬಾರದು ಎಂದು. ಜೇಬಲ್ಲಿ ಪಿಸ್ತೂಲು, ಸೊಂಟದಲ್ಲಿ ಚಾಕು.

ಮನೆ ತೋರಿಸಿದವರು ಒಬ್ಬರು ಕಪ್ಪು ಹಿರಿಯ ಹೆಂಗಸು. ನಿವೃತ್ತ ಟೀಚರಂತೆ. ಮಾತಿನಲ್ಲೇ ಗೊತ್ತಾಗುತ್ತಿತ್ತು, ನಡುವೆ ನಿಲ್ಲಿಸಿ "ಈಗ ಹೇಳಿ, ಅವನು ಯಾಕೆ ಹಾಗೆ ಮಾಡಿದ?" ಎಂದು ನಮ್ಮನ್ನೇ ಕೇಳುವ ಅಭ್ಯಾಸ. ಬೇರೆ ಯಾರೂ ಬಂದಿರಲಿಲ್ಲ. ಗುಡ್ಡದ ಮೇಲೆ ಅಷ್ಟು ಜನ, ಇಲ್ಲಿ ನಾವು ಮಾತ್ರ.

ಆಕೆ ಮೊದಲು ಹೇಳಿದ್ದು ಮಗುವಿನ ಕಥೆ. ಆಚೆ ದಡದ ಒಂದು ಹೊಲದಲ್ಲಿ ಗಂಡ ಹೆಂಡತಿ ಗುಲಾಮರಿದ್ದರು, ಕೈಗೂಸೂ ಇತ್ತು. ಓಡಿಹೋಗುತ್ತಾರೆ ಎಂಬ ಅನುಮಾನ ಧಣಿಗೆ. ಅದಕ್ಕೆ ಅವನು ಒಂದು ಉಪಾಯ ಮಾಡಿದ. ರಾತ್ರಿಯಾದ ಕೂಡಲೇ ಮಗುವನ್ನು ತಂದು ತನ್ನ ಕೋಣೆಯಲ್ಲಿ, ಮಂಚದ ಕಾಲಕಡೆ ಮಲಗಿಸಿಕೊಳ್ಳುವುದು. ಪಕ್ಕದ ಕುರ್ಚಿಯ ಮೇಲೆ ಉರಿಯುವ ಮೇಣದಬತ್ತಿ, ಪಿಸ್ತೂಲುಗಳು. ಮಗು ಬಿಟ್ಟು ತಾಯಿ ಎಲ್ಲಿಗೆ ಹೋಗುತ್ತಾಳೆ? ಪಾರ್ಕರ್ ಹೋದ. ಆ ಕೋಣೆಗೆ ಕಾಲಿಡಲು ಹೆತ್ತವರಿಗೆ ಧೈರ್ಯ ಬರಲಿಲ್ಲ. ಇವನೇ ಬರಿಗಾಲಲ್ಲಿ ಒಳಗೆ ಹೋದ. ಮಗುವನ್ನು ಬಾಚಿಕೊಂಡ. ಕುರ್ಚಿ ಉರುಳಿತು, ದೀಪ ಆರಿತು, ಧಣಿ ಕೂಗಿಕೊಂಡ. ಓಟ ಕಿತ್ತು ದೋಣಿ ಸೇರಿ, ಎಲ್ಲರನ್ನೂ ದಾಟಿಸಿ, ಬೇರೆಯವರ ಕೈಗೆ ಒಪ್ಪಿಸಿ ಮನೆಗೆ ಬಂದು ಹಾಸಿಗೆ ಸೇರಿದ. ಸ್ವಲ್ಪ ಹೊತ್ತಿಗೆ ಧಣಿ ಬಾಗಿಲು ಬಡಿದಾಗ ನಿದ್ದೆಗಣ್ಣಲ್ಲಿ ಎದ್ದವನಂತೆ ಬಂದು, ಮನೆಯೆಲ್ಲ ಹುಡುಕಿಕೊಳ್ಳಿ ಅಂದನಂತೆ.

ಸಿನಿಮಾ ಇದ್ದ ಹಾಗಿದೆ, ಅಲ್ವಾ? ಭಾವ ಚಪ್ಪಾಳೆ ತಟ್ಟುವುದೊಂದು ಬಾಕಿ. ಆದರೆ ನಾನು ಈ ಬರಹ ಬರೆಯಲು ಕೂತದ್ದು ಅದಕ್ಕಲ್ಲ. ಆಮೇಲೆ ಆಕೆ ಹೇಳಿದ ಇನ್ನೊಂದಕ್ಕೆ.

ಒಮ್ಮೆ ಕೆಂಟಕಿಯ ಒಳನಾಡಿನಿಂದ ಹೊರಟ ಒಂದು ಗುಂಪು ದಾರಿ ತೋರಿಸುವವರಿಲ್ಲದೆ ಕಾಡಿನಲ್ಲಿ ಸಿಕ್ಕಿಕೊಂಡಿದೆ ಎಂದು ಸುದ್ದಿ ಬಂತು. ಪಾರ್ಕರ್ ಹೋಗಿ ಹುಡುಕಿ, ಅವರನ್ನು ನಡೆಸಿಕೊಂಡು ನದಿಯವರೆಗೆ ತಂದ. ಬೆನ್ನ ಹಿಂದೆ ಹುಡುಕುವವರು, ನಾಯಿಗಳು. ದಡದಲ್ಲಿ ಸಿಕ್ಕಿದ್ದು ಒಂದೇ ದೋಣಿ, ಅದೂ ಚಿಕ್ಕದು. ಹಿಡಿಸುವಷ್ಟು ಜನರನ್ನು ತುಂಬಿದ. ಇಬ್ಬರು ಗಂಡಸರಿಗೆ ಜಾಗ ಸಾಲಲಿಲ್ಲ. ತಳ್ಳುವಷ್ಟರಲ್ಲಿ ದೋಣಿಯಲ್ಲಿದ್ದ ಒಬ್ಬಳು ಅಳಲು ಶುರು ಮಾಡಿದಳು. ದಡದಲ್ಲಿ ಉಳಿದವರಲ್ಲಿ ಒಬ್ಬ ಅವಳ ಗಂಡ. ಆಗ ದೋಣಿಯಲ್ಲಿ ಕೂತಿದ್ದ ಒಬ್ಬ ಒಂಟಿ ಗಂಡಸು ಎದ್ದ. ಒಂದು ಮಾತೂ ಆಡಲಿಲ್ಲ. ಇಳಿದು ದಡಕ್ಕೆ ನಡೆದ. ಗಂಡ ಹಾರಿ ಹತ್ತಿದ. ಪಾರ್ಕರ್ ಹುಟ್ಟು ಹಾಕಿದ. ದೋಣಿ ಇನ್ನೂ ನದಿಯಲ್ಲಿದ್ದಾಗಲೇ ಹಿಂದಿನ ದಡದಲ್ಲಿ ದೀಪಗಳು ಕಂಡವು, ಕೂಗು ಕೇಳಿಸಿತು. ಹಿಡಿದರು ಎಂದು ಗೊತ್ತಾಯಿತು.

ಇಷ್ಟು ಹೇಳಿ ಆಕೆ ಸುಮ್ಮನಾದರು. ಈ ಸಲ ಪ್ರಶ್ನೆ ಕೇಳಲಿಲ್ಲ.

ನಾನೇ ಕೇಳಿದೆ, "ಅವನ ಹೆಸರೇನು?"

"ಪಾರ್ಕರ್ ಹೇಳಿಲ್ಲ."

"ಗೊತ್ತಿರಲಿಲ್ವಾ?"

"ಕತ್ತಲಲ್ಲಿ ಜೊತೆಗೆ ನಡೆದು ಬಂದವರು. ಹೆಸರು ಕೇಳುವ ಸಮಯ ಅದಲ್ಲ. ಕೇಳದೆ ಇರುವುದೇ ಒಳ್ಳೆಯದಿತ್ತು."

ಪಾರ್ಕರ್ ಮೊದಮೊದಲು ದಾಟಿಸಿದವರ ಹೆಸರು ಬರೆದಿಡುತ್ತಿದ್ದನಂತೆ. ಅವನೇ ಹೇಳಿಕೊಂಡ ಪ್ರಕಾರ 300ಕ್ಕೂ ಹೆಚ್ಚು ಜನ ಆ ಪುಸ್ತಕದಲ್ಲಿದ್ದರು. 1850ರಲ್ಲಿ ಓಡಿಹೋದ ಗುಲಾಮರನ್ನು ಹಿಡಿದುಕೊಡುವ ಹೊಸ ಕಾನೂನು ಬಂತು. ಸಹಾಯ ಮಾಡಿದವರಿಗೆ 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಸಿಕ್ಕಿಬಿದ್ದವನಿಗೆ ತನ್ನ ಪರ ಸಾಕ್ಷಿ ಹೇಳುವ ಹಕ್ಕಿಲ್ಲ. ವಿಚಾರಣೆ ಮಾಡುವ ಕಮಿಷನರ್ "ಇವನು ಗುಲಾಮ" ಎಂದರೆ 10 ಡಾಲರ್ ಶುಲ್ಕ, "ಅಲ್ಲ" ಎಂದರೆ 5 ಡಾಲರ್. (ಈ ಅಂಕಿ ಕೇಳಿ ಭಾವ, ನಮ್ಮಲ್ಲಾದರೂ ಲಂಚವನ್ನು ಕಾನೂನಲ್ಲಿ ಬರೆದಿಡುವುದಿಲ್ಲ ಅಂದರು.) ಮನೆ, ಕಾರ್ಖಾನೆ ಎಲ್ಲ ಕಳೆದುಕೊಳ್ಳುವ ಭಯಕ್ಕೆ ಪಾರ್ಕರ್ ಆ ಪುಸ್ತಕವನ್ನು ತನ್ನ ಕುಲುಮೆಗೇ ಎಸೆದ.

"ಅಯ್ಯೋ, ಅದರಲ್ಲಿ ಅವನ ಹೆಸರು ಇತ್ತೋ ಏನೋ" ಎಂದೆ.

ಅಕ್ಕ ತಕ್ಷಣ ಹೇಳಿದಳು, "ಅದು ದಾಟಿದವರ ಪುಸ್ತಕ ಅಲ್ವೇನೇ? ಅವನು ದಾಟಲೇ ಇಲ್ಲ."

ಅದನ್ನು ಆಕೆಗೆ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಅಕ್ಕನನ್ನು ಒಂದು ಕ್ಷಣ ನೋಡಿ, "ಇಷ್ಟು ವರ್ಷ ಈ ಕಥೆ ಹೇಳ್ತಿದ್ದೀನಿ, ಇದು ನನಗೆ ಹೊಳೆದಿರಲಿಲ್ಲ" ಎಂದು ಕುರ್ಚಿ ಎಳೆದು ಕೂತರು. ನಮಗೂ ಕೂರಲು ಹೇಳಿದರು. ಆಮೇಲೆ ಮನೆ ತೋರಿಸುವುದು ನಿಂತು ಮಾತು ಶುರುವಾಯಿತು.

ಬರುವವರು ಹೆಚ್ಚಾಗಿ ಕೇಳುವುದು ಸುರಂಗ ಎಲ್ಲಿದೆ ಎಂದಂತೆ. ಸುರಂಗ ಇಲ್ಲ ಎಂದರೆ ಮುಖ ಸಪ್ಪೆ ಮಾಡಿಕೊಳ್ಳುತ್ತಾರಂತೆ. ಆಮೇಲಿನ ಪ್ರಶ್ನೆ ಕೌದಿಯದ್ದು. ಬೇಲಿಯ ಮೇಲೆ ಕೌದಿ ಒಣಹಾಕಿ ಅದರ ಚಿತ್ತಾರದಲ್ಲಿ ಗುಟ್ಟಿನ ಸಂದೇಶ ಕಳಿಸುತ್ತಿದ್ದರು ಎಂಬ ಕಥೆ ಇಲ್ಲಿ ಎಲ್ಲ ಕಡೆ ಓಡಾಡುತ್ತಿದೆ. ಅದು ಹಬ್ಬಿದ್ದು 1999ರಲ್ಲಿ ಬಂದ ಒಂದು ಪುಸ್ತಕದಿಂದ. ಇತಿಹಾಸಕಾರರು ಒಪ್ಪುವುದಿಲ್ಲ, ಆ ಕಾಲದ ಯಾವ ದಾಖಲೆಯೂ ಅದನ್ನು ಹೇಳುವುದಿಲ್ಲ. ಆದರೂ ದಾರಿಯ ಒಂದು ಅಂಗಡಿಯಲ್ಲಿ ಸಂಕೇತದ ಕೌದಿ ಎಂದು ಮಾರಾಟಕ್ಕೆ ಇಟ್ಟಿದ್ದರು, ಬೆಲೆ ಕೇಳಿದರೆ ತಲೆ ತಿರುಗಬೇಕು. "ಜನಕ್ಕೆ ಚಂದದ ಗುಟ್ಟು ಬೇಕು" ಎಂದರು ಆಕೆ. "ಒಬ್ಬ ಸುಮ್ಮನೆ ಎದ್ದು ಇಳಿದುಹೋದ ಅಂದರೆ ಅದನ್ನು ಮಾರೋದು ಹೇಗೆ?"

ಆಮೇಲೆ ನಿಮ್ಮದು ಭಾರತದಲ್ಲಿ ಎಲ್ಲಿ ಎಂದು ಕೇಳಿದರು. ಯಲ್ಲಾಪುರದ ಹತ್ತಿರ ಎಂದೆ. ಹಾಗೆ ಹೇಳಿ ಅವರಿಗೆ ಏನು ತಿಳಿಯಬೇಕು? ಅದಕ್ಕೆ ಸಿದ್ದಿಯರ ವಿಷಯ ಹೇಳಿದೆ. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರನ್ನು ತರುತ್ತಿದ್ದದ್ದು, ಅವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದ್ದು, ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆ ಅವರ ಮಕ್ಕಳು ಮೊಮ್ಮಕ್ಕಳು ಈಗಲೂ ಇರುವುದು. ಕೊಂಕಣಿ ಬೆರೆತ ಮಾತಾಡುತ್ತಾರೆ, ಕನ್ನಡವೂ ಬರುತ್ತದೆ, ನನ್ನ ಶಾಲೆಯಲ್ಲೇ ಇದ್ದರು, ಡಮಾಮಿ ಬಾರಿಸಿ ಕುಣಿಯುತ್ತಾರೆ ಎಂದೆ. ಆಕೆ ನಂಬಲಿಲ್ಲ. ಫೋನಿನಲ್ಲಿ ಫೋಟೋ ಹುಡುಕಿ ತೋರಿಸಿದೆ. ಕನ್ನಡಕ ಹಾಕಿಕೊಂಡು, ಪರದೆಯನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಒಂದೊಂದು ಮುಖ ನೋಡಿದರು. "ಇವಳು ನನ್ನ ಚಿಕ್ಕಮ್ಮನ ಹಾಗೇ ಇದ್ದಾಳೆ" ಎಂದರು.

ಆಮೇಲೆ ಆಕೆಯೊಳಗಿನ ಟೀಚರ್ ವಾಪಸ್ ಬಂದರು. "ಅಲ್ಲಿ ಅವರನ್ನು ಅಡಗಿಸಿದ್ದು ಯಾರು?"

"ಕಾಡು" ಅಂದೆ.

"ಯಾರೂ ಅನ್ನ ಹಾಕಲಿಲ್ವಾ? ದಾರಿ ತೋರಿಸಲಿಲ್ವಾ?"

ನನ್ನ ಬಾಯಿ ಕಟ್ಟಿತು. ಯಾರೋ ಹಾಕಿರಬೇಕು, ಅಲ್ವಾ? ಗೋವಾದಿಂದ ನಮ್ಮ ಘಟ್ಟಕ್ಕೆ ಏನು ಕಡಿಮೆ ದಾರಿಯೇ. ಸಿದ್ದಿಯರ ಕುಣಿತ ನೋಡಲು ಬರುವ ನಾವು ಯಾರೂ ಈ ಪ್ರಶ್ನೆ ಕೇಳಿದ್ದನ್ನು ನಾನು ಕೇಳಿಲ್ಲ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ ಸುದ್ದಿ ಗೊತ್ತು, ಕ್ರೀಡೆಗೆ ಆರಿಸಿದ ಸುದ್ದಿ ಗೊತ್ತು. ಇದು ಗೊತ್ತಿಲ್ಲ.

ಭಾವ ಮಾತು ತಿರುಗಿಸಿ ಗೋಡೆಯ ಮೇಲಿದ್ದ ಯಂತ್ರದ ಚಿತ್ರ ಏನೆಂದು ಕೇಳಿದರು, ಎಂಜಿನಿಯರ್ ಬುದ್ಧಿ. ಪಾರ್ಕರ್ ತಂಬಾಕು ಒತ್ತುವ ಪ್ರೆಸ್ಸಿಗೆ 1884ರಲ್ಲಿ ಪೇಟೆಂಟ್ ಪಡೆದಿದ್ದ. 1890ರಲ್ಲಿ ಹೆಂಟೆ ಒಡೆದು ಮಣ್ಣು ಪುಡಿ ಮಾಡುವ ಸಾಧನಕ್ಕೆ ಇನ್ನೊಂದು. ಆ ಕಾಲದಲ್ಲಿ ಪೇಟೆಂಟ್ ಪಡೆದ ಕಪ್ಪು ಜನ ತೀರಾ ಕಡಿಮೆ. ಆರು ಮಕ್ಕಳನ್ನೂ ಓದಿಸಿದ. 1900ರ ಜನವರಿಯಲ್ಲಿ ಸತ್ತ. ಬದುಕಿದ್ದಾಗ ಒಬ್ಬ ಪತ್ರಕರ್ತನಿಗೆ ಹೇಳಿದ ನೆನಪುಗಳ ಕಟ್ಟು ಡ್ಯೂಕ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಬಿದ್ದಿತ್ತು. ಅಚ್ಚಾದದ್ದು 1996ರಲ್ಲಿ. ಅಲ್ಲಿಯವರೆಗೆ ದೋಣಿಯಿಂದ ಇಳಿದವನ ಸುದ್ದಿ ಆ ಕಟ್ಟಿನೊಳಗೇ ಇತ್ತು.

ಹೊರಗೆ ಬಂದಾಗ ಸಂಜೆ. ಫ್ರಂಟ್ ಸ್ಟ್ರೀಟಿನ ಆ ಸಾಲು ಮನೆಗಳಲ್ಲಿ ಬಡಗಿ, ಹಂದಿಮಾಂಸದ ವ್ಯಾಪಾರಿ, ಡಾಕ್ಟರು ಎಲ್ಲ ಈ ಜಾಲದಲ್ಲಿದ್ದವರೇ. ಹಾಗೇ ಪಕ್ಕದ ಮನೆಯಲ್ಲಿ ಹಿಡಿದುಕೊಡುವವರೂ ಇದ್ದರು. ಪಾರ್ಕರ್ ರಸ್ತೆಯ ನಡುವೆ ನಡೆಯುತ್ತಿದ್ದದ್ದು ಯಾಕೆ ಎಂದು ಅಲ್ಲಿ ನಿಂತರೆ ತಿಳಿಯುತ್ತದೆ. ಮನೆಗಳು ಅಷ್ಟು ಒತ್ತಾಗಿವೆ.

ಈಗ ಒಂದು ಸಲಹೆ. ಇನ್ನೂ ಸಿಟ್ಟು ಇಳಿದಿಲ್ಲ, ಅದಕ್ಕೆ ಹೇಳಿಯೇ ಬಿಡುತ್ತೇನೆ. ಮರುದಿನ ಆಚೆ ದಡದ ಕೆಂಟಕಿಯಲ್ಲಿ ಓಡಾಡಿ ಸಂಜೆ ವಾಪಸ್ ಹೊರಟಾಗ, ಮ್ಯಾಪ್ ಆಪ್ ನಮ್ಮನ್ನು ಕಿರಿದಾದ ರಸ್ತೆಗಳಲ್ಲಿ ಸುತ್ತಿಸಿ ಸುತ್ತಿಸಿ ನೇರವಾಗಿ ನೀರಿನ ಮುಂದೆ ತಂದು ನಿಲ್ಲಿಸಿತು. ಅಲ್ಲಿ ಕಾರು ದಾಟಿಸುವ ಬಾರ್ಜ್ ಇರಬೇಕು. ಮಳೆಗೆ ನದಿ ಏರಿದ್ದರಿಂದ ಅವತ್ತು ಬಂದ್. ಆಪ್ ಮಾತ್ರ "ಮುಂದಕ್ಕೆ ಹೋಗಿ" ಎಂದು ಹೇಳುತ್ತಲೇ ಇತ್ತು. ಸಿನ್ಸಿನಾಟಿ ಬಿಟ್ಟರೆ ಮೇಸ್‌ವಿಲ್‌ವರೆಗೆ ಈ ನದಿಗೆ ಸೇತುವೆಯೇ ಇಲ್ಲ. ಫೋನಿಗೆ ಸಿಗ್ನಲ್ ಹೋಯಿತು, ಕತ್ತಲಾಯಿತು, ಭಾವ ಜಿಂಕೆ ಅಡ್ಡ ಬರುತ್ತವೆ ಎಂದು ಆಮೆ ವೇಗದಲ್ಲಿ ಓಡಿಸಿದರು, ಅಕ್ಕನಿಗೆ ತಲೆನೋವು. ಆದ್ದರಿಂದ ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಬಾರ್ಜ್ ನಡೆಯುತ್ತಿದೆಯೇ ಎಂದು ಫೋನು ಮಾಡಿ ಕೇಳಿಕೊಂಡೇ ಹೊರಡಿ. ಮನೆಗಳನ್ನು ನೋಡುವ ದಿನ, ಸಮಯವನ್ನೂ ಕೇಳಿಕೊಳ್ಳಿ, ವರ್ಷಪೂರ್ತಿ ತೆರೆದಿರುವಂಥವಲ್ಲ.

ಕೆಂಟಕಿಯ ಕಡೆ ನಾನು ಹುಡುಕಿಕೊಂಡು ಹೋದದ್ದು ಅರ್ನಾಲ್ಡ್ ಗ್ರಾಗ್‌ಸ್ಟನ್ ದೋಣಿ ಹಾಕುತ್ತಿದ್ದ ಜಾಗದ ಆಸುಪಾಸು. ಅವನೂ ಮೇಸನ್ ಕೌಂಟಿಯ ಗುಲಾಮ. ಹರೆಯದ ಹುಡುಗನಾಗಿದ್ದಾಗ ಒಬ್ಬಳು ಹುಡುಗಿಯನ್ನು ರಿಪ್ಲಿಗೆ ದಾಟಿಸುವಂತೆ ಕೇಳಿದರು. ಹೆದರಿ ನಡುಗುತ್ತಲೇ ಹೋದ. ಅಲ್ಲಿಂದ ಶುರು. ಬೆಳದಿಂಗಳಿಲ್ಲದ ರಾತ್ರಿಯೇ ಆಗಬೇಕು, ದೀಪ ಇಲ್ಲ. ಹಾಗಾಗಿ ದಾಟಿಸಿದ ನೂರಾರು ಜನರ ಮುಖವನ್ನೇ ಅವನು ನೋಡಲಿಲ್ಲ. ಕತ್ತಲಲ್ಲಿ "ಏನಂತೀರಿ?" ಎಂದು ಕೇಳುತ್ತಿದ್ದ, ಆ ಕಡೆಯಿಂದ "ಮೆನಾರೆ" ಎಂದು ಉತ್ತರ ಬಂದರೆ ತನ್ನವರು. ಅದರ ಅರ್ಥ ಅವನಿಗೂ ಗೊತ್ತಿರಲಿಲ್ಲ, ಬೈಬಲ್ಲಿನದು ಇರಬೇಕು ಅಂದುಕೊಂಡಿದ್ದ. ಎದುರಿಗೆ ರ‍್ಯಾಂಕಿನ್ ಮನೆಯ ದೀಪ, ಮೂವತ್ತು ಅಡಿ ಎತ್ತರದಲ್ಲಿ ಉರಿಯುತ್ತಿತ್ತು ಎಂದು ನೆನಪಿಸಿಕೊಂಡಿದ್ದಾನೆ. ಇದನ್ನೆಲ್ಲ ಅವನು ಹೇಳಿದ್ದು 1930ರ ದಶಕದಲ್ಲಿ, ಸರ್ಕಾರದವರು ಹಳೇ ಗುಲಾಮರ ನೆನಪು ಬರೆದುಕೊಳ್ಳುತ್ತಿದ್ದಾಗ, ಫ್ಲೋರಿಡಾದಲ್ಲಿ. ಆಗ ಅವನಿಗೆ 97 ವರ್ಷ.

ಜಾಗದಲ್ಲಿ ನೋಡಲು ಏನೂ ಇಲ್ಲ. ಜೌಗು ನೆಲ, ಪೊದೆ, ಕೆಸರು. ಭಾವನಿಗೆ ಆದದ್ದು ಬೇರೆ ತಲೆಬಿಸಿ.

"ನಾಲ್ಕು ವರ್ಷ ಜನರನ್ನು ದಾಟಿಸಿ ದಾಟಿಸಿ ವಾಪಸ್ ಗುಲಾಮಗಿರಿಗೇ ಬರ್ತಿದ್ನಾ?"

"ಹೌದು ಭಾವ. 1863ರಲ್ಲಿ, ಇನ್ನೇನು ಸಿಕ್ಕಿಬೀಳ್ತಾನೆ ಅನ್ನೋವಾಗ, ಹೆಂಡತಿ ಕರ್ಕೊಂಡು ದಾಟಿದ್ದು."

"ಅದೇ ನನಗೆ ಅರ್ಥ ಆಗದ್ದು. ಮೊದಲನೇ ಸಲ ಆಚೆ ದಡ ಮುಟ್ಟಿದ್ನಲ್ಲ, ಅಲ್ಲೇ ಇಳಿದು ಓಡೋದಲ್ವಾ?"

"ಇಳಿದಿದ್ರೆ ಎರಡನೇ ದೋಣಿ ಹಾಕೋರು ಯಾರು?" ಎಂದಳು ಅಕ್ಕ.

"ಅದು ಸರಿ. ಆದರೂ ಮೊದಲು ತನ್ನದು ನೋಡ್ಕೋಬೇಕಲ್ವಾ ಮನುಷ್ಯ?"

"ನಿಮ್ಮನ್ನು ಇಲ್ಲಿ ದೋಣಿ ಹಾಕೋಕೆ ಯಾರೂ ಕರೆಯಲ್ಲ ಬಿಡಿ."

ಬಾರ್ಜ್ ಬಂದ್ ಆಗಿ ಮೇಸ್‌ವಿಲ್ ಸೇತುವೆ ಹುಡುಕುತ್ತ ಹೋದ ಆ ದಾರಿಯುದ್ದಕ್ಕೂ ಇದೇ ವಾದ. ಭಾವ ಸೋಲಲಿಲ್ಲ, ಅಕ್ಕ ಬಿಡಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಉಳಿದ ಚಿತ್ರಾನ್ನ ಮುಗಿಸಿದೆ.

ಒಂದೇ ದಿನ ಇದ್ದರೆ ಗುಡ್ಡ ಬಿಟ್ಟರೂ ಪರವಾಗಿಲ್ಲ, ಪಾರ್ಕರ್ ಮನೆ ನೋಡಿ. ಅವಸರ ಮಾಡಬೇಡಿ, ತೋರಿಸುವವರನ್ನು ಮಾತಿಗೆ ಎಳೆಯಿರಿ. ಪಾರ್ಕರ್ ನೆನಪುಗಳ ಪುಸ್ತಕ ತೆಳ್ಳಗಿದೆ, ಒಂದೇ ಕೂರಿಕೆಯಲ್ಲಿ ಓದಬಹುದು. ನಾನು ಕೊಂಡ ಪ್ರತಿಯನ್ನು ಅಕ್ಕ ತೆಗೆದುಕೊಂಡಳು, ಈಗ ಭಾವ ಓದುತ್ತಿದ್ದಾರಂತೆ, ಇನ್ನೂ ವಾಪಸ್ ಬಂದಿಲ್ಲ.